ಹತ್ತು ಸಮಸ್ತರು ಯಾರು? ತುಳುನಾಡಿನ ಊರಕೂಟದಲ್ಲಿ ಕರೆ, ಚಾಕರಿ ಮತ್ತು ಮಾತಿನ ಹಕ್ಕು

ಊರಿಗೊಂದು ಕಷ್ಟ ಒದಗಿದಾಗ ಅದರ ಪರಿಹಾರದ ಮಾತುಕತೆಗೆ ಮೊದಲೇ ಇನ್ನೊಂದು ತೀರ್ಮಾನ ನಡೆದಿರುತ್ತದೆ. ಯಾರನ್ನು ಕರೆಯಬೇಕು, ಯಾರಿಗೆ ಸುದ್ದಿ ಮುಟ್ಟಿಸಿದರೆ ಸಾಕು, ಯಾರು ಬಾರದಿದ್ದರೂ ನಡೆದೀತು ಎಂಬುದೇ ಆ ತೀರ್ಮಾನ. ಕೂಟದ ನಿರ್ಣಯಗಳು ದಾಖಲೆಗಳಲ್ಲಿ ಉಳಿಯುತ್ತವೆ. ಕೂಟಕ್ಕೆ ಯಾರನ್ನು ಕರೆಯಲಾಯಿತು ಎಂಬುದು ಬಹುಮಟ್ಟಿಗೆ ದಾಖಲೆಯಾಗದೆ ರೂಢಿಯಲ್ಲಿ, ಆಚರಣೆಯಲ್ಲಿ, ಪಾಡ್ದನಗಳಲ್ಲಿ ಉಳಿಯುತ್ತದೆ. ಆದ್ದರಿಂದ ಈ ಪ್ರಶ್ನೆಯನ್ನು ಕೇಳಲು ಇತಿಹಾಸಕಾರನಿಗೆ ಜಾನಪದದ ನೆರವು ಅನಿವಾರ್ಯ.

ದಕ್ಷಿಣ ಕನ್ನಡ ಜಿಲ್ಲೆಯ ದೈವಸ್ಥಾನ ಹಾಗೂ ದೇವಸ್ಥಾನಗಳ ಆಮಂತ್ರಣ ಪತ್ರಿಕೆಗಳ ಕೊನೆಯಲ್ಲಿ 'ಊರ ಹತ್ತು ಸಮಸ್ತರು' ಎಂಬ ಮಾತು ಇಂದಿಗೂ ಅಚ್ಚಾಗುತ್ತದೆ. ದೈವದ ನುಡಿಯಲ್ಲಿಯೂ ಕೂಡಿದ ಜನರನ್ನು ಸಂಬೋಧಿಸುವಾಗ ತುಳುವಿನಲ್ಲಿ ಇದೇ ಮಾತು ಬಳಕೆಯಾಗುತ್ತದೆ. ಹತ್ತು ಎಂಬುದು ಆಯ್ದ ಕೆಲವರನ್ನೂ, ಸಮಸ್ತ ಎಂಬುದು ಎಲ್ಲರನ್ನೂ ಸೂಚಿಸುತ್ತದೆಯೆಂದು ಓದಿದರೆ, ಒಂದೇ ನುಡಿಗಟ್ಟಿನೊಳಗೆ ಎರಡು ವಿಭಿನ್ನ ಕಲ್ಪನೆಗಳು ಜೊತೆಗೂಡಿರುವುದು ಗಮನಾರ್ಹ. ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ಪರಿಸರದ ಆಧಾರಗಳನ್ನು ಮುಖ್ಯವಾಗಿಟ್ಟುಕೊಂಡು, ಈ ಹತ್ತಕ್ಕೂ ಸಮಸ್ತಕ್ಕೂ ಇರುವ ಅಂತರವನ್ನು ತುಳುನಾಡು ಹೇಗೆ ನಿರ್ವಹಿಸಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಲರು ಮತ್ತು ಸೆಟ್ಟಿಕಾರರು

ಈ ಮೂರು ತಾಲೂಕುಗಳ ನೆಲ ಒಂದೇ ಅರಸುಮನೆತನದ ಆಳ್ವಿಕೆಗೆ ಒಳಪಟ್ಟಿರಲಿಲ್ಲ. ಪುತ್ತಿಗೆ ಮತ್ತು ಮೂಡುಬಿದಿರೆಯಲ್ಲಿ ಚೌಟರು, ವೇಣೂರಿನಲ್ಲಿ ಅಜಿಲರು, ಬಂಗಾಡಿ ಮತ್ತು ನಂದಾವರಗಳಲ್ಲಿ ಬಂಗರು, ವಿಟ್ಲದಲ್ಲಿ ಡೊಂಬ ಹೆಗ್ಗಡೆಯರು ಆಳಿದರು. ಇವರ ಮೇಲೆ ವಿಜಯನಗರದ, ಅನಂತರ ಕೆಳದಿಯ ಪ್ರಭುತ್ವವಿತ್ತು. ಅಧಿಕಾರ ಹೀಗೆ ಹಂಚಿಹೋಗಿದ್ದ ನಾಡಿನಲ್ಲಿ ಒಬ್ಬನ ಅಪ್ಪಣೆಯಿಂದಲೇ ಎಲ್ಲವೂ ನಡೆಯುವಂತಿರಲಿಲ್ಲ. ಕೂಟಗಳ ಪ್ರಾಮುಖ್ಯಕ್ಕೆ ಇದೊಂದು ಕಾರಣವೆನ್ನಬಹುದು.

ಕರಾವಳಿಯ ಶಾಸನಗಳಲ್ಲಿ ಹಲರು, ಸೆಟ್ಟಿಕಾರರು, ನಖರ, ಹಂಜಮಾನ ಮೊದಲಾದ ಸಮೂಹವಾಚಕಗಳು ಕಂಡುಬರುತ್ತವೆ. ಹಲರು ಎಂದರೆ ಹಲವರು. ವ್ಯಕ್ತಿಗಳ ಹೆಸರಿಗೆ ಬದಲಾಗಿ ಬಹುತ್ವವೇ ಇಲ್ಲಿ ಒಂದು ಸಂಸ್ಥೆಯ ಹೆಸರಾಗಿದೆ. ಹಂಜಮಾನವು ಪಾರಸಿಯ ಅಂಜುಮನ್ ಶಬ್ದದ ರೂಪ; ಕಡಲಾಚೆಯಿಂದ ಬಂದ ವರ್ತಕರ ಕೂಟವನ್ನು ಅದು ಸೂಚಿಸುತ್ತದೆ. ಊರಿನ ವ್ಯವಹಾರದಲ್ಲಿ ಪಾಲುಳ್ಳವನು ಪರದೇಶದವನಾದರೂ ಅವನ ಕೂಟಕ್ಕೊಂದು ಹೆಸರೂ ಮಾನ್ಯತೆಯೂ ಇದ್ದುವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಮೂಡುಬಿದಿರೆಯ ತ್ರಿಭುವನ ತಿಲಕ ಚೂಡಾಮಣಿ ಬಸದಿ, ಅಂದರೆ ಸಾವಿರ ಕಂಬದ ಬಸದಿ, ಈ ಸಾಮೂಹಿಕತೆಗೆ ಒಳ್ಳೆಯ ನಿದರ್ಶನ. ವಿಜಯನಗರದ ಇಮ್ಮಡಿ ದೇವರಾಯನ ಕಾಲದಲ್ಲಿ, 1430ರಲ್ಲಿ, ಕಟ್ಟಲಾದ ಈ ಬಸದಿಯ ಹಿಂದೆ ಇದ್ದುದು ಬಿದಿರೆಯ ಸೆಟ್ಟಿ ಸಮುದಾಯದ ಸಂಘಟಿತ ಪ್ರಯತ್ನ. ಅರಸನ ಅನುಮತಿ, ಗುರುಪೀಠದ ಮಾರ್ಗದರ್ಶನ, ವರ್ತಕರ ಧನ ಇವು ಮೂರೂ ಇಲ್ಲಿ ಕೂಡಿದವು. ಆದರೆ ಕಲ್ಲು ಕಡೆದವರ ಪಾಲು ಈ ಪಟ್ಟಿಯಲ್ಲಿ ಎಲ್ಲಿದೆ? ಈ ಪ್ರಶ್ನೆಗೆ ಪಾಡ್ದನವೊಂದು ಕೊಡುವ ಉತ್ತರವನ್ನು ಮುಂದೆ ನೋಡಲಿದ್ದೇವೆ.

ಬೂಳ್ಯದ ಕ್ರಮ

ಗ್ರಾಮಮಟ್ಟದಲ್ಲಿ ಯಾರು ಮುಖ್ಯರು ಎಂಬುದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುವುದು ದೈವದ ನೇಮ. ದೈವವು ಗಂಧ ಮತ್ತು ವೀಳ್ಯವನ್ನು ಪ್ರಸಾದವಾಗಿ ಕೊಡುವ ಕ್ರಮಕ್ಕೆ ಬೂಳ್ಯ ಎಂದು ಹೆಸರು. ಬೀಡಿನ ಅರಸ ಅಥವಾ ಬಲ್ಲಾಳ, ಗಡಿ ಹಿಡಿದ ಯಜಮಾನ, ಒಂದನೆಯ ಗುತ್ತು, ಎರಡನೆಯ ಗುತ್ತು, ಅನಂತರ ಬರ್ಕೆ, ಬಾಳಿಕೆ, ಪರಡಿ ಮುಂತಾದ ಮನೆತನಗಳು, ಗುರಿಕಾರರು, ಹೀಗೆ ಕರೆಯು ಒಂದು ನಿಶ್ಚಿತ ಅನುಕ್ರಮದಲ್ಲಿ ಸಾಗುತ್ತದೆ. ಊರಿನಿಂದ ಊರಿಗೆ ಮನೆತನಗಳ ಸಂಖ್ಯೆಯೂ ಹೆಸರೂ ಬೇರೆಯಾಗುತ್ತವೆಯಾದರೂ ಕ್ರಮ ತಪ್ಪಬಾರದೆಂಬ ನಿಯಮ ಎಲ್ಲ ಕಡೆಯೂ ಒಂದೇ. ಬರಹದ ದಾಖಲೆ ಇಲ್ಲದ ಸಮಾಜದಲ್ಲಿ ವರ್ಷಕ್ಕೊಮ್ಮೆ ಬಹಿರಂಗವಾಗಿ ಓದಲಾಗುವ ಹಾಜರಿ ಪುಸ್ತಕ ಇದು.

ಈ ಕ್ರಮವನ್ನು ಕೇವಲ ಗೌರವದ ಸಂಗತಿಯೆಂದು ಭಾವಿಸಿದರೆ ಅದರ ಅರ್ಧ ಅರ್ಥ ಮಾತ್ರ ತಿಳಿದಂತೆ. ಬೂಳ್ಯ ಪಡೆದವನು ಹೊಣೆಗಾರನೂ ಹೌದು. ಭಂಡಾರ ಹೊರಡುವಾಗ ಬಾರದವನನ್ನು, ಊರಿನ ವ್ಯಾಜ್ಯವನ್ನು ತೀರಿಸದೆ ಬಿಟ್ಟವನನ್ನು ದೈವವು ಹೆಸರು ಹಿಡಿದು ಕೇಳುತ್ತದೆ. ನೇಮದ ಕೊಡಿಯಲ್ಲಿ ಗಡಿಸಮಸ್ಯೆ, ನೀರಿನ ತಕರಾರು, ದಾಯಾದಿ ಕಲಹಗಳು ದೈವದ ಮುಂದೆ ಬರುತ್ತವೆ. ಮಧ್ಯಸ್ಥನು ವಿಷಯವನ್ನು ಅರಿಕೆ ಮಾಡುತ್ತಾನೆ. ದೈವವು ಗುತ್ತಿನವರನ್ನು ಪ್ರಶ್ನಿಸಿ, ಎರಡೂ ಕಡೆಯವರ ಮಾತು ಕೇಳಿ ನುಡಿ ಕೊಡುತ್ತದೆ. ತೀರ್ಪಿನ ಪಾಲನೆಗೆ ಹತ್ತು ಸಮಸ್ತರು ಸಾಕ್ಷಿಗಳಾಗುತ್ತಾರೆ. ಧರ್ಮಸ್ಥಳದ ಹೆಗ್ಗಡೆಯವರ ಬಳಿ ನಡೆದುಬಂದ ನ್ಯಾಯತೀರ್ಮಾನದ ಸಂಪ್ರದಾಯದಲ್ಲಿಯೂ ವಾದಿ ಪ್ರತಿವಾದಿಗಳು ಎದುರುಬದುರಾಗಿ ನಿಂತು ಹೇಳಿಕೊಳ್ಳುವುದು ಮುಖ್ಯವೆನಿಸಿದೆ.

ಬೂಳ್ಯದ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಪಟ್ಟಿ ಇದೆ. ಅದನ್ನು ಚಾಕರಿಯ ಪಟ್ಟಿಯೆನ್ನಬಹುದು. ದೀವಟಿಗೆ ಹಿಡಿಯುವ ಮಡಿವಾಳ, ವಾದ್ಯ ನುಡಿಸುವವರು, ಎಣ್ಣೆ ಒದಗಿಸುವವರು, ದೈವದ ಪಾತ್ರಿ, ಕಟ್ಟುಕಟ್ಟುವ ಪರವ, ಪಂಬದ ಅಥವಾ ನಲಿಕೆ ಸಮುದಾಯದ ಕಲಾವಿದ ಇವರಲ್ಲಿ ಒಬ್ಬರಿಲ್ಲದಿದ್ದರೂ ನೇಮ ನಡೆಯುವುದಿಲ್ಲ. ನೇಮಕ್ಕೆ ಮುನ್ನ ಕಲಾವಿದನಿಗೆ ಎಣ್ಣೆಬೂಳ್ಯ ಕೊಟ್ಟು ಆಹ್ವಾನಿಸುವ ಕ್ರಮವೇ ಅವನ ಒಪ್ಪಿಗೆ ಅಗತ್ಯವೆಂಬುದಕ್ಕೆ ಸಾಕ್ಷಿ. ಆದರೆ ನೇಮದ ದಿನ, ಖರ್ಚು, ವ್ಯಾಪ್ತಿಗಳನ್ನು ನಿಶ್ಚಯಿಸುವ ಚಾವಡಿಯ ಕೂಟದಲ್ಲಿ ಅವನಿಗೆ ಸ್ಥಾನವಿರಲಿಲ್ಲ. ಅಣಿ ಕಟ್ಟಿ ನಿಂತಾಗ ಅರಸನನ್ನೂ ಪ್ರಶ್ನಿಸಬಲ್ಲ ಬಾಯಿ, ಮುಖವರ್ಣಿಕೆ ಅಳಿಸಿದ ಮೇಲೆ ಅಂಗಳದ ಹೊರಗೆ ಮೌನವಾಗುತ್ತದೆ. ಊರಿನ ಕೆಲಸಕ್ಕೆ ಬೇಕಾದವನು ಬೇರೆ, ಊರಿನ ಮಾತಿಗೆ ಬೇಕಾದವನು ಬೇರೆ ಎಂಬ ಈ ವಿಭಜನೆಯೇ ತುಳುನಾಡಿನ ಊರಕೂಟದ ಮೂಲ ಬಿಕ್ಕಟ್ಟು.

ಮನೆ ಮನೆಯ ಲೆಕ್ಕ

ಎಲ್ಲ ಸಮಸ್ಯೆಗಳನ್ನೂ ಗುತ್ತಿನವರ ಕೂಟವೇ ನಿಭಾಯಿಸುತ್ತಿತ್ತೆಂದು ತಿಳಿಯಬೇಕಾಗಿಲ್ಲ. ರೋಗರುಜಿನಗಳ ವಿಷಯದಲ್ಲಿ ಪರಂಪರೆಯು ಬೇರೊಂದು ಪಟ್ಟಿಯನ್ನು ಬಳಸಿತು. ಜುಲೈ ಆಗಸ್ಟ್ ತಿಂಗಳುಗಳಿಗೆ ಸರಿಹೊಂದುವ ಆಟಿಯಲ್ಲಿ ಮಳೆ, ಹಸಿವು, ಕಾಯಿಲೆಗಳು ಒಟ್ಟಿಗೆ ಬಾಧಿಸುವಾಗ ನಲಿಕೆಯವರು ಆಟಿ ಕಳಂಜನಾಗಿ ಮನೆ ಮನೆಗೆ ಹೋಗಿ ಮಾರಿಯನ್ನು ಕಳೆಯುತ್ತಾರೆ. ಇಲ್ಲಿ ಒಂದನೆಯ ಗುತ್ತು, ಎರಡನೆಯ ಗುತ್ತು ಎಂಬ ಅನುಕ್ರಮ ಮುಖ್ಯವಲ್ಲ. ಒಂದು ಮನೆ ಬಿಟ್ಟುಹೋದರೆ ಮಾರಿ ಅಲ್ಲಿ ಉಳಿದಂತೆಯೇ ಸರಿ. ಸಾಂಕ್ರಾಮಿಕದ ಸ್ವಭಾವವನ್ನು ಅನುಭವದಿಂದ ಬಲ್ಲ ಜನರು ಅದಕ್ಕೆ ತಕ್ಕ ಪಟ್ಟಿಯನ್ನೇ ರೂಪಿಸಿಕೊಂಡಿದ್ದರು. ಆದರೆ ಮಾರಿಯನ್ನು ಗಡಿ ದಾಟಿಸುವ ಕಲ್ಪನೆಯಲ್ಲಿ ಗಡಿಯಾಚೆಯ ಊರಿನವರು ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಪರಿಹಾರವು ಇನ್ನೊಬ್ಬರ ಸಮಸ್ಯೆಯಾದೀತು ಎಂಬ ವಿವೇಚನೆ ಈ ಪಟ್ಟಿಯ ಹೊರಗೇ ಉಳಿಯಿತು.

ದೇವಸ್ಥಾನಗಳ ಜೀರ್ಣೋದ್ಧಾರದ ಸಂದರ್ಭದಲ್ಲಿ ನಡೆಯುವ ಮುಷ್ಟಿ ಕಾಣಿಕೆಯೂ ಮನೆಪಟ್ಟಿಯ ಇನ್ನೊಂದು ರೂಪ. ಪ್ರತಿ ಮನೆಯವರು ಕೈಗೆ ಬಂದಷ್ಟು ನಾಣ್ಯವನ್ನು ಮುಷ್ಟಿಯಲ್ಲಿ ಹಿಡಿದು ಸಮರ್ಪಿಸುತ್ತಾರೆ. ಮುಷ್ಟಿಯೊಳಗಿನ ಮೊತ್ತ ಎಷ್ಟೆಂದು ಹೊರಗಿನವರಿಗೆ ತಿಳಿಯುವುದಿಲ್ಲವಾದ್ದರಿಂದ ಉಳ್ಳವರ ಮತ್ತು ಇಲ್ಲದವರ ಅಂತರ ಆ ಗಳಿಗೆಯ ಮಟ್ಟಿಗಾದರೂ ಮರೆಯಾಗುತ್ತದೆ. ಇದಕ್ಕೆ ಮೊದಲು ನಡೆಯುವ ಅಷ್ಟಮಂಗಲ ಪ್ರಶ್ನೆಯನ್ನು ನಂಬಿಕೆಯ ದೃಷ್ಟಿಯಿಂದ ಹೇಗೆಯೇ ಅರ್ಥೈಸಲಿ, ಅದರ ಸಾಮಾಜಿಕ ಕಾರ್ಯವನ್ನು ಅಲಕ್ಷಿಸುವಂತಿಲ್ಲ. ಯಾವ ಮನೆತನದ ಸಂಬಂಧ ಕಡಿದುಹೋಗಿದೆ, ಯಾರಿಗೆ ಅನ್ಯಾಯವಾಗಿ ಊರು ಬಿಡಬೇಕಾಯಿತು, ಯಾವ ದೈವದ ಸೇವೆ ನಿಂತಿದೆ ಎಂಬ ಪ್ರಶ್ನೆಗಳು ಅಲ್ಲಿ ಎತ್ತಲ್ಪಡುತ್ತವೆ. ದೂರ ಸರಿದ ಕುಟುಂಬಗಳನ್ನು ಹುಡುಕಿ ಕರೆತರುವ ಪ್ರಯತ್ನಗಳು ನಡೆಯುತ್ತವೆ. ಕರೆಯದೆ ಬಿಟ್ಟವರನ್ನು ನೆನಪಿಸಿಕೊಳ್ಳುವ ವ್ಯವಸ್ಥೆಯೊಂದು ಹೀಗೆ ಆಚರಣೆಯೊಳಗೇ ಅಡಗಿದೆ.

ನೀರಿನ ವಿಷಯದಲ್ಲಿ ಪಟ್ಟಿ ತಯಾರಾಗುವುದು ತೋಡಿನ ಹರಿವಿಗೆ ಅನುಸಾರವಾಗಿ. ಮಳೆ ಹಿಂದೆ ಸರಿದ ಮೇಲೆ ಕಲ್ಲು, ಮಣ್ಣು, ಅಡಿಕೆ ಮರ, ಸೊಪ್ಪುಗಳಿಂದ ತೋಡಿಗೆ ಅಡ್ಡಲಾಗಿ ತಾತ್ಕಾಲಿಕ ಕಟ್ಟ ಕಟ್ಟುವ ರೂಢಿ ಜಿಲ್ಲೆಯಾದ್ಯಂತ ಇತ್ತು. ಕಟ್ಟಕ್ಕೆ ಎರಡು ದಡಗಳು ಬೇಕು. ಮೇಲಿನವನ ಗದ್ದೆಗೆ ನೀರು ನುಗ್ಗಬಾರದು, ಕೆಳಗಿನವನಿಗೆ ಹರಿವು ಪೂರ್ತಿ ನಿಲ್ಲಬಾರದು. ಆದುದರಿಂದ ಎರಡೂ ದಡದವರು, ಮೇಲಿನವರು, ಕೆಳಗಿನವರು ಕೂಡಿಯೇ ಕಟ್ಟಬೇಕಾಗಿತ್ತು. ಮನೆತನದ ಅಂತಸ್ತಿಗಿಂತ ಜಮೀನು ಇರುವ ಜಾಗ ಇಲ್ಲಿ ಮುಖ್ಯವಾಯಿತು. ಪಂಪುಗಳು ಬಂದು ಪ್ರತಿಯೊಬ್ಬನೂ ತನ್ನ ನೀರನ್ನು ತಾನೇ ಎತ್ತಿಕೊಳ್ಳುವಂತಾದ ಮೇಲೆ ಬಹಳಷ್ಟು ಕಟ್ಟಗಳು ನಿಂತುಹೋದವು. ಕಟ್ಟದ ಜೊತೆಗೆ ಆ ಕೂಟವೂ ಇಲ್ಲವಾಯಿತು. ಇದರ ಮಹತ್ವ ಅರಿವಾಗುವುದು ಇತ್ತೀಚಿನ ಒಂದು ನಿದರ್ಶನದಿಂದ. ಮಂಗಳೂರು ನಗರಕ್ಕೆ ಕುಡಿಯುವ ನೀರು ಒದಗಿಸಲು ಬಂಟ್ವಾಳ ತಾಲೂಕಿನ ತುಂಬೆಯಲ್ಲಿ ನೇತ್ರಾವತಿಗೆ ಹೊಸ ಕಿಂಡಿ ಅಣೆಕಟ್ಟು ಕಟ್ಟಿ ನೀರಿನ ಮಟ್ಟ ಏರಿಸಿದಾಗ, ಮೇಲ್ಭಾಗದ ಕೃಷಿಕರು ಮುಳುಗಡೆ ಮತ್ತು ಪರಿಹಾರದ ಪ್ರಶ್ನೆಯನ್ನು ಎತ್ತಿಕೊಂಡು ಹೋರಾಡಬೇಕಾಯಿತು. ತೋಡಿನ ಕಟ್ಟದಲ್ಲಿ ಮೊದಲೇ ಆಗುತ್ತಿದ್ದ ಮಾತು ನದಿಯ ಅಣೆಕಟ್ಟಿನಲ್ಲಿ ತಡವಾಗಿ ಕೇಳಿಸಿತು.

ಊರನ್ನು ಮೀರಿದ ಕೂಟ: 1837

ಸಮಸ್ಯೆ ಒಂದು ಊರಿಗಿಂತ ದೊಡ್ಡದಾದಾಗ ಊರಿನ ಯಾವ ಪಟ್ಟಿಯೂ ಸಾಲದು. 1834ರಲ್ಲಿ ಕೊಡಗು ಕಂಪನಿ ಸರಕಾರದ ವಶವಾಗಿ, ಅಮರ ಸುಳ್ಯ ಮತ್ತು ಪುತ್ತೂರು ಸೀಮೆಗಳು ಕೆನರಾ ಜಿಲ್ಲೆಗೆ ಸೇರಿದವು. ಧಾನ್ಯರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಸಲ್ಲಿಸಬೇಕಾಗಿ ಬಂದುದು ರೈತರಿಗೆ ಅಸಹನೀಯವಾಯಿತು. 1837ರ ದಂಗೆಯನ್ನು ಸಂಘಟಿಸಿದ ಕೆದಂಬಾಡಿ ರಾಮಯ್ಯ ಗೌಡರಂತಹವರ ಮುಂದಿದ್ದುದು ಮುಖ್ಯವಾಗಿ ಯಾರನ್ನು ಸೇರಿಸಿಕೊಳ್ಳಬೇಕೆಂಬ ಪ್ರಶ್ನೆಯೇ. ಜನರನ್ನು ಒಂದುಗೂಡಿಸಲು ಅರಸುಮನೆತನದ ಹೆಸರು ಬೇಕಾಗಿತ್ತು. ಶನಿವಾರಸಂತೆಯ ಪುಟ್ಟ ಬಸಪ್ಪನು ಕಲ್ಯಾಣಸ್ವಾಮಿಯೆಂದು ಮುಂದೆ ನಿಂತನು. ಸುಳ್ಯದ ಬೆಟ್ಟಸಾಲಿನಿಂದ ಮಂಗಳೂರಿನ ಕಡಲ ತೀರಕ್ಕೆ ಬರಲು ನೇತ್ರಾವತಿಯ ದಂಡೆಯ ಬೆಂಬಲ ಬೇಕಾಗಿತ್ತು. ನಂದಾವರದ ಲಕ್ಷ್ಮಪ್ಪ ಬಂಗರಸ ಜೊತೆಗೂಡಿದನು. ಜಾತಿ, ಭಾಷೆ, ಮತಗಳ ಗಡಿ ದಾಟಿ ಗೌಡರು, ಜೈನರು, ಬಂಟರು, ಬಿಲ್ಲವರು ಸೇರಿದುದರಿಂದಲೇ ಏಪ್ರಿಲ್ ತಿಂಗಳಿನಲ್ಲಿ ಮಂಗಳೂರು ಕೆಲವು ದಿನ ಅವರ ಕೈಯಲ್ಲಿತ್ತು. ದಂಗೆ ಅಡಗಿದ ಮೇಲೆ ಪುಟ್ಟ ಬಸಪ್ಪನನ್ನೂ ಲಕ್ಷ್ಮಪ್ಪ ಬಂಗರಸನನ್ನೂ ಗಲ್ಲಿಗೇರಿಸಲಾಯಿತು. ಕೂಡಿದವರು ಅಪಾಯದಲ್ಲಿಯೂ ಪಾಲು ಪಡೆದರೆಂಬುದನ್ನು ಇಲ್ಲಿ ಗಮನಿಸಬೇಕು.

ಕರೆಯದೆ ಉಳಿದವರು

ಕೂಟದಿಂದ ಹೊರಗುಳಿದವರ ಇತಿಹಾಸವನ್ನು ಪಾಡ್ದನಗಳು ಕಾಪಾಡಿವೆ. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಮಹಾಕಾವ್ಯವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ, ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರ ತಂಡ 1990ರಲ್ಲಿ ದಾಖಲಿಸಿತು. 15,683 ಸಾಲುಗಳ ಈ ಪಠ್ಯ 1998ರಲ್ಲಿ ಪ್ರಕಟವಾಯಿತು. ಸತ್ಯನಾಪುರದ ಅರಮನೆಯ ಹಕ್ಕು ವಿವಾದಕ್ಕೆ ಒಳಗಾದಾಗ ಸಿರಿ ಕೂಟದ ಮುಂದೆ ತನ್ನ ಮಾತನ್ನು ಇಡುತ್ತಾಳೆ. ಆಮಿಷಕ್ಕೆ ಒಳಗಾದ ಕೂಟ ಅವಳ ಮಾತನ್ನು ತಳ್ಳಿಹಾಕುತ್ತದೆ. ಅವಳ ಶಾಪದಿಂದ ಸತ್ಯನಾಪುರ ಉರಿದುಹೋಗುತ್ತದೆ. ಅಳಿಯಸಂತಾನ ಪದ್ಧತಿಯಲ್ಲಿ ಕುಟುಂಬದ ಹಕ್ಕು ಹೆಣ್ಣಿನ ಮೂಲಕ ಹರಿದುಬರುತ್ತದೆ. ಆದರೆ ಚಾವಡಿಯಲ್ಲಿ ಕುಟುಂಬದ ಪರವಾಗಿ ಕುಳಿತುಕೊಳ್ಳುವವನು ಯಜಮಾನನಾದ ಗಂಡಸು. ಆಸ್ತಿಗೂ ಮಾತಿಗೂ ನಡುವಿನ ಈ ಬಿರುಕನ್ನು ಕಾವ್ಯವು ಬೆಂಕಿಯ ರೂಪಕದಲ್ಲಿ ಹೇಳುತ್ತದೆ. ಹಿರಿಯಡ್ಕ, ನಂದಳಿಕೆ, ಕವತಾರುಗಳ ಸಿರಿ ಜಾತ್ರೆಗಳಲ್ಲಿ ಹೆಂಗಸರು ಸಮೂಹವಾಗಿ ಆವೇಶಗೊಂಡು ತಮ್ಮ ಸಂಕಟಗಳನ್ನು ನುಡಿಯುವುದನ್ನು, ಚಾವಡಿ ಕೊಡದ ಮಾತಿನ ಅವಕಾಶವನ್ನು ಆಲಡೆ ಕೊಟ್ಟಿತೆಂದು ಅರ್ಥೈಸಲು ಸಾಧ್ಯವಿದೆ.

ಕಲ್ಕುಡ ಕಲ್ಲುರ್ಟಿ ಪಾಡ್ದನದ ದನಿ ಇನ್ನೂ ತೀಕ್ಷ್ಣವಾದುದು. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಬೀರ ಕಲ್ಕುಡ ಬೇರೆಲ್ಲಿಯೂ ಅಂತಹ ಮೂರ್ತಿಯನ್ನು ಮಾಡಬಾರದೆಂದು ಬೈರವರಸ ಅವನ ಒಂದು ಕೈ ಒಂದು ಕಾಲು ಕಡಿಸುತ್ತಾನೆ. ಉಳಿದ ಒಂದೇ ಕೈಯಿಂದ ಅವನು ವೇಣೂರಿನ ಗೊಮ್ಮಟನನ್ನು ಕಡೆಯುತ್ತಾನೆ. ತಂಗಿ ಕಲ್ಲುರ್ಟಿಯೊಡನೆ ಮಾಯಕವಾಗಿ ದೈವವಾಗಿ ಅರಸನ ಮೇಲೆ ಸೇಡು ತೀರಿಸಿಕೊಳ್ಳುತ್ತಾನೆ. ಕಾರ್ಕಳದ ಮೂರ್ತಿಯ ಸ್ಥಾಪನೆ 1432ರಲ್ಲಿ, ವೇಣೂರಿನದು ತಿಮ್ಮರಸ ಅಜಿಲನಿಂದ 1604ರಲ್ಲಿ ಆಯಿತು. 172 ವರ್ಷಗಳ ಅಂತರವಿರುವ ಎರಡು ಕೆಲಸಗಳನ್ನು ಒಬ್ಬನೇ ಶಿಲ್ಪಿ ಮಾಡಿರಲಾರ. ಕಾಲಗಣನೆಯಲ್ಲಿ ಪಾಡ್ದನ ಒಪ್ಪತಕ್ಕುದಲ್ಲ. ಆದರೆ ಶಾಸನವು ಅರಸನ ಹೆಸರನ್ನು ಉಳಿಸಿಕೊಂಡ ಕಡೆ ಕೆಲಸಗಾರನ ಹೆಸರನ್ನು ಉಳಿಸಿಕೊಂಡದ್ದು ಪಾಡ್ದನವೇ. ಇಂದು ಬಂಟ್ವಾಳ ತಾಲೂಕಿನ ಪಣೋಲಿಬೈಲಿನಲ್ಲಿ ಕಲ್ಲುರ್ಟಿ ಕಲ್ಕುಡರ ಸನ್ನಿಧಿಗೆ ಅಗೆಲು ಸೇವೆ ಹೊತ್ತು ಬರುವ ಜನರು ಕಳವು, ಮೋಸ, ಅನ್ಯಾಯಗಳ ದೂರನ್ನು ಹೇಳಿಕೊಳ್ಳುತ್ತಾರೆ. ಅರಸನ ಕೂಟದಲ್ಲಿ ಮಾತಿಲ್ಲದವರು ಜನರ ಮನಸ್ಸಿನಲ್ಲಿ ನ್ಯಾಯಾಧೀಶರಾದರು.

ಎಲ್ಲಕ್ಕಿಂತ ಕ್ರೂರವಾದುದು ಕೊರಗ ಸಮುದಾಯದ ಅಜಲು ಪದ್ಧತಿ. ಇಲ್ಲಿ ಕರೆಯದೆ ಬಿಡುವ ಮಾತೇ ಇರಲಿಲ್ಲ, ಕಡ್ಡಾಯವಾಗಿ ಕರೆಯಲಾಗುತ್ತಿತ್ತು. ಡೋಲು ಬಾರಿಸಲು, ಕಂಬಳದಲ್ಲಿ ಕೋಣಗಳಿಗೆ ಮೊದಲು ಓಡಲು, ಇತರರ ಅರಿಷ್ಟವನ್ನು ತಮ್ಮ ಮೇಲೆ ಹೊತ್ತುಕೊಳ್ಳುವ ಹೀನಾಯ ಆಚರಣೆಗಳಿಗೆ ಅವರು ಬೇಕಾಗಿದ್ದರು. ಊರಿನ ಕಷ್ಟ ಕಳೆಯಲು ಒಂದು ಸಮುದಾಯವನ್ನೇ ಸಾಧನವಾಗಿ ಬಳಸಿದ ಈ ಪದ್ಧತಿಯನ್ನು ಕರ್ನಾಟಕ ಸರಕಾರ 2000ದ ಅಧಿನಿಯಮದ ಮೂಲಕ ನಿಷೇಧಿಸಿತು. ಹಾಜರಿ ಬೇರೆ, ಪಾಲ್ಗೊಳ್ಳುವಿಕೆ ಬೇರೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ. ಅಮೆರಿಕದ ಶೆರ್ರಿ ಆರ್ನ್‌ಸ್ಟೈನ್ 1969ರಲ್ಲಿ ನಾಗರಿಕರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ವಿವರಿಸಿ, ಕೆಳಗಿನ ಮೆಟ್ಟಿಲುಗಳಲ್ಲಿ ಜನರು ಇದ್ದಂತೆ ತೋರಿದರೂ ಅವರಿಗೆ ಅಧಿಕಾರವಿರುವುದಿಲ್ಲವೆಂದು ತೋರಿಸಿದರು. ಅಜಲಿಗೆ ಆ ಏಣಿಯ ಕೊನೆಯ ಮೆಟ್ಟಿಲಿನಲ್ಲಿಯೂ ಸ್ಥಳವಿಲ್ಲ.

ಹೊಸ ಪಟ್ಟಿಗಳು

ಇಪ್ಪತ್ತನೆಯ ಶತಮಾನದ ಉತ್ತರಾರ್ಧವು ಊರಿನ ಪಟ್ಟಿಗಳನ್ನು ಬುಡಮೇಲು ಮಾಡಿತು. 1963ರಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾಗಿ ಪಟೇಲ, ಶಾನುಭೋಗರ ಕಾಲ ಮುಗಿಯಿತು. 1974ರ ಭೂಸುಧಾರಣೆಯಿಂದ ಗೇಣಿದಾರರು ಒಡೆಯರಾದರು. ಭೂ ನ್ಯಾಯಮಂಡಳಿಗಳಲ್ಲಿ ಉಪವಿಭಾಗಾಧಿಕಾರಿಯೊಡನೆ ಅಧಿಕಾರಿಗಳಲ್ಲದ ಸದಸ್ಯರು ಕುಳಿತರು. ಅವರಲ್ಲಿ ಪರಿಶಿಷ್ಟ ವರ್ಗಗಳಿಗೆ ಸೇರಿದವರೊಬ್ಬರು ಇರಬೇಕೆಂಬುದು ಕಾನೂನಾಯಿತು. ಚಾವಡಿಯ ಕೆಳಗೆ ನಿಲ್ಲುತ್ತಿದ್ದವರಿಗೆ ತೀರ್ಪಿನ ಪೀಠದಲ್ಲಿ ಜಾಗ ದೊರೆತದ್ದು ಸಾಮಾನ್ಯ ಸಂಗತಿಯಲ್ಲ. 1993ರ ಪಂಚಾಯತ್ ರಾಜ್ ಅಧಿನಿಯಮ ಗ್ರಾಮಸಭೆಯನ್ನು ಕಡ್ಡಾಯಗೊಳಿಸಿ, ಮಹಿಳೆಯರಿಗೆ ಮೂರನೆಯ ಒಂದು ಭಾಗ ಮೀಸಲಾತಿ ನೀಡಿತು. 2010ರಲ್ಲಿ ಅದು ಅರ್ಧಕ್ಕೇರಿತು.

ಭೂಮಿ ಕೈಬದಲಾದರೂ ಬೂಳ್ಯದ ಕ್ರಮ ಬದಲಾಗಲಿಲ್ಲ. ಹೊಣೆ ಹೊರಲು ಬೇಕಾದ ಜಮೀನು ಗುತ್ತುಮನೆಗಳ ಕೈಯಲ್ಲಿ ಉಳಿಯಲಿಲ್ಲ. ಹೊಣೆ ಹೊತ್ತವರಿಗೆ ಬೂಳ್ಯವಿಲ್ಲ. ಅನೇಕ ಕಡೆ ನೇಮಗಳು ನಿಂತುಹೋಗಿ, ಕ್ರಮದ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರ ಮೂಲ ಇಲ್ಲಿದೆ. ಇದಕ್ಕೆ ಜನರೇ ಕಂಡುಕೊಂಡ ಪರಿಹಾರಗಳಲ್ಲಿ ಬೈಲುವಾರು ಸಮಿತಿ ಮುಖ್ಯವಾದುದು. ಜೀರ್ಣೋದ್ಧಾರ ಮತ್ತು ಬ್ರಹ್ಮಕಲಶೋತ್ಸವಗಳ ಸಂದರ್ಭದಲ್ಲಿ ಮನೆತನದ ಬದಲಾಗಿ ಬೈಲನ್ನು ಘಟಕವಾಗಿಸಿ, ಹೊರೆಕಾಣಿಕೆ, ಶ್ರಮದಾನ, ನಿಧಿಸಂಗ್ರಹಗಳನ್ನು ಹಂಚಿಕೊಳ್ಳಲಾಗುತ್ತದೆ. ಬೆಳ್ತಂಗಡಿಯಲ್ಲಿ 1982ರಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಪ್ರಗತಿಬಂಧು ಗುಂಪುಗಳು ಸಣ್ಣ ರೈತರ ನಡುವಿನ ಹಳೆಯ ಮುಯ್ಯಾಳು ಪದ್ಧತಿಯನ್ನೇ ವಾರಕ್ಕೊಂದು ದಿನದ ಶ್ರಮವಿನಿಮಯವಾಗಿ ಮರುರೂಪಿಸಿದವು. ಸಮಾನ ಸ್ಥಿತಿಯವರು ಚಿಕ್ಕ ಗುಂಪಾಗಿ ಕೂಡಿದಾಗ ಮಾತನಾಡುವವನೂ ದುಡಿಯುವವನೂ ಒಬ್ಬನೇ ಆಗುತ್ತಾನೆ. ಆದರೆ ಬೈಲುವಾರು ಸಮಿತಿಗಳಲ್ಲಿಯೂ ದೈವ ಕಟ್ಟುವವರ ಮತ್ತು ಹೆಂಗಸರ ಹೆಸರು ಹೆಚ್ಚಾಗಿ ಕೊನೆಯಲ್ಲಿ, ಉಪಸಮಿತಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ಹಳೆಯ ಅನುಕ್ರಮದ ನೆರಳು ಹೊಸ ಪಟ್ಟಿಗಳ ಮೇಲೆಯೂ ಬಿದ್ದಿದೆ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ನಿಲುವುಗಳಿಗೆ ಬರಬಹುದು. ತುಳುನಾಡಿನ ಊರಕೂಟದಲ್ಲಿ ಪಟ್ಟಿ ಒಂದೇ ಆಗಿರಲಿಲ್ಲ. ಹಕ್ಕು ಮತ್ತು ಹೊಣೆಗೆ ಬೂಳ್ಯದ ಪಟ್ಟಿ, ಕೆಲಸಕ್ಕೆ ಚಾಕರಿಯ ಪಟ್ಟಿ, ಎಲ್ಲರನ್ನೂ ತಟ್ಟುವ ವಿಪತ್ತಿಗೆ ಮನೆಪಟ್ಟಿ, ನೀರಿಗೆ ತೋಡಿನ ಪಟ್ಟಿ ಇದ್ದುವು. ಸಮಸ್ಯೆಯ ಸ್ವರೂಪಕ್ಕೆ ತಕ್ಕ ಪಟ್ಟಿಯನ್ನು ಆಯ್ದುಕೊಳ್ಳುವ ಈ ವಿವೇಕ ಇಂದಿನ ಗ್ರಾಮಸಭೆಗಳಿಗೂ ಪ್ರಯೋಜನಕಾರಿ. ಕುಡಿಯುವ ನೀರಿನ ಪ್ರಶ್ನೆಗೆ ಬೂಳ್ಯದ ಪಟ್ಟಿ ಹಿಡಿದು ಕುಳಿತರೆ, ಸಾಂಕ್ರಾಮಿಕಕ್ಕೆ ಸಮಿತಿಯ ಪದಾಧಿಕಾರಿಗಳನ್ನು ಮಾತ್ರ ಕರೆದರೆ ಪರಿಹಾರ ದೊರೆಯದು.

ಅದೇ ಪರಂಪರೆ ಚಾಕರಿಯ ಪಟ್ಟಿಯಲ್ಲಿದ್ದವರಿಗೆ ಮಾತಿನ ಹಕ್ಕು ಕೊಡಲಿಲ್ಲ. ಕೊಡದೆ ಹೋದುದರ ಪರಿಣಾಮವನ್ನು ಮಾತ್ರ ತನ್ನ ಪಾಡ್ದನಗಳಲ್ಲಿ ಮರೆಯದೆ ಹಾಡಿಕೊಂಡು ಬಂದಿತು. ಸತ್ಯನಾಪುರದ ಬೆಂಕಿಯನ್ನೂ ಕಲ್ಕುಡನ ಕಡಿದ ಕೈಯನ್ನೂ ವರ್ಷ ವರ್ಷವೂ ಕೇಳುತ್ತಿರುವ ಊರುಗಳಿಗೆ ಈ ಪಾಠ ಹೊರಗಿನಿಂದ ಬರಬೇಕಾಗಿಲ್ಲ. ದೈವದ ಬಾಯಲ್ಲಿ ನಾವು ಕೇಳಿಸಿಕೊಳ್ಳುವ ಮಾತನ್ನು ದೈವ ಕಟ್ಟುವವನ ಬಾಯಲ್ಲಿಯೂ ಕೇಳಿಸಿಕೊಳ್ಳುವ ದಿನ, ಆಮಂತ್ರಣ ಪತ್ರಿಕೆಯ 'ಹತ್ತು ಸಮಸ್ತರು' ಎಂಬ ಮಾತಿನಲ್ಲಿ ಹತ್ತಕ್ಕೂ ಸಮಸ್ತಕ್ಕೂ ಇರುವ ಅಂತರ ಕಡಮೆಯಾದೀತು.